ಜೀಗುಜ್ಜೆ ಎಲೆಯ ರೋಮನ್ ಕಂಬ

ಬೊನವೆಂಚರ್ ಲೋಬೊ ಹೆದರದೆ ಕಳೆದ ದಿನ ಯಾವುದಾದರೂ ಉಂಟೇ ಎಂದು ಅವನ ಹೆಂಡತಿ ವೈಲೆಟ್‌ಳನ್ನು ಕೇಳಿ ನೋಡಿ. ಅವಳು ಸ್ವಲ್ಪ ಹೊತ್ತು ಸೀಲಿಂಗ್ ನೋಡಿ, "ನೆನಪಿಗೆ ಬರ್ತಾ ಇಲ್ಲ" ಎನ್ನುತ್ತಾಳೆ. ಅಬ್ಬಾಸಿಯಾದ ಫ್ಲಾಟಿನಿಂದ ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಅವನು ಗ್ಯಾಸಿನ ತಿರುಗಣೆಯನ್ನು ಮೂರು ಸಲ ಮುಟ್ಟುತ್ತಾನೆ. ಲಿಫ್ಟಿನೊಳಗೆ ಅಂಗಿಯ ಕಿಸೆ ತಟ್ಟಿ ಗುರುತಿನ ಕಾರ್ಡು ಇದೆಯೆಂದು ಖಾತ್ರಿ ಮಾಡಿಕೊಳ್ಳುತ್ತಾನೆ. ಬಸ್‌ಸ್ಟಾಪಿನಲ್ಲಿ ಇನ್ನೊಮ್ಮೆ ತಟ್ಟುತ್ತಾನೆ. ಇಪ್ಪತ್ತೊಂಬತ್ತು ವರ್ಷದಲ್ಲಿ ಕುವೈತಿನ ಒಬ್ಬನೇ ಒಬ್ಬ ಪೊಲೀಸನೂ ಅವನನ್ನು ನಿಲ್ಲಿಸಿ ಏನೂ ಕೇಳಿಲ್ಲ. ಅದೂ ಅವನಿಗೆ ಹೆದರಿಕೆಯೇ. ಇಷ್ಟು ವರ್ಷ ಕೇಳದೆ ಬಿಟ್ಟವರು ಒಂದು ದಿನ ಎಲ್ಲವನ್ನೂ ಒಟ್ಟಿಗೆ ಕೇಳುತ್ತಾರೆ ಎಂದು ಅವನ ನಂಬಿಕೆ.

ಇಂಥ ಮನುಷ್ಯ ಮಾಡುವ ಕೆಲಸ ಏನೆಂದರೆ, ರೋಮ್ ಸಾಮ್ರಾಜ್ಯವನ್ನು ಎರಕ ಹೊಯ್ಯುವುದು. ಅರ್ದಿಯಾದ ಗೋದಾಮುಗಳ ಸಾಲಿನಲ್ಲಿ ಬು ಸಾಲೆಮ್ ಎಂಬ ಕುವೈತಿಯ ಅಲಂಕಾರದ ಕಾರ್ಖಾನೆಯಿದೆ. ವಿಲ್ಲಾ ಕಟ್ಟಿಸುವವರಿಗೆ ಬೇಕಾದ ಕಂಬ, ಕಮಾನು, ಸಿಂಹದ ಮುಖ ಎಲ್ಲವೂ ಅಲ್ಲಿ ಬಿಳಿ ಸಿಮೆಂಟಿನಲ್ಲಿ ತಯಾರಾಗುತ್ತವೆ. ಬೊನವೆಂಚರ್ ಅಲ್ಲಿಯ ಅಚ್ಚಿನ ಕೋಣೆಯ ಮುಖ್ಯಸ್ಥ. ಅವನ ವಿಶೇಷ ರೋಮನ್ ಕಂಬದ ತಲೆ: ಸುತ್ತ ಎರಡು ಸಾಲು ಎಲೆ, ಎಲೆಯ ತುದಿ ಹೊರಕ್ಕೆ ಬಾಗಿ ಮಡಚಿದ್ದು, ಮೇಲೆ ನಾಲ್ಕು ಮೂಲೆಯಲ್ಲಿ ಸುರುಳಿ. ರೋಮ್ ಬಿದ್ದು ಸಾವಿರದೈನೂರು ವರ್ಷ ದಾಟಿತಂತೆ. ಬಿದ್ದವರು ಹೋಗುವಾಗ ಕಂಬಗಳನ್ನಾದರೂ ಜೊತೆಗೆ ಕೊಂಡುಹೋಗಬಾರದಿತ್ತೇ? ಹಾಗೆ ಮಾಡಲಿಲ್ಲ. ಅದರಿಂದಾಗಿ ಬ್ಯಾಂಕಿಗೂ ಮದುವೆ ಹಾಲಿಗೂ ವಿಲ್ಲಾಗಳಿಗೂ ಇವತ್ತಿಗೂ ಅದೇ ಕಂಬ ಬೇಕು. ರೋಮ್ ಊರನ್ನು ಕಣ್ಣಲ್ಲೂ ನೋಡದ, ನಮ್ಮ ಕರಾವಳಿಯ ಮೂಡುಬೆಳ್ಳೆಯ ಒಬ್ಬ ಬಡಗಿ ಮರುಭೂಮಿಯಲ್ಲಿ ಕುಳಿತು ಅದನ್ನು ಹೊಯ್ದುಕೊಡಬೇಕು.

ಕಳೆದ ಅಕ್ಟೋಬರಿನ ಒಂದು ಬುಧವಾರ ಆಫೀಸಿನ ರೋಹಿದಾಸ ಅವನನ್ನು ಕರೆದ. ರೋಹಿದಾಸ ಕಾಪುವಿನ ಕಡೆಯವನು, ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವ ಕೆಲಸ, ಇಡೀ ಕಾರ್ಖಾನೆಯಲ್ಲಿ ಬೊನವೆಂಚರ್‌ನ ಹೆದರಿಕೆಗಳನ್ನು ತಾಳ್ಮೆಯಿಂದ ಕೇಳುವ ಒಬ್ಬನೇ ಪ್ರಾಣಿ. ಪರದೆಯ ಮೇಲೆ ಒಂದು ಕಲ್ಲಿನ ಕಂಬದ ತಲೆಯ ದೊಡ್ಡ ಚಿತ್ರವಿತ್ತು.

"ಬೊನವೆಂಚರಣ್ಣ, ವಫ್ರಾ ತೋಟದ ಕೆಲಸದ ಚಿತ್ರ ಮಿರ್ಕಾಬಿನ ಕನ್ಸಲ್ಟೆಂಟ್ ಆಫೀಸಿನಿಂದ ಈಗ ಬಂತು. ಜೋರ್ಡಾನಿನಲ್ಲಿ ಜೆರಾಶ್ ಅಂತ ರೋಮಿನವರು ಕಟ್ಟಿದ ಊರು ಉಂಟಂತೆ. ಅಲ್ಲಿಯ ಕಂಬದ ಹಾಗೆಯೇ ಇರ್ಬೇಕಂತೆ."

"ಇರ್ಲಿ. ನಮ್ಮದು ಹಾಗೆಯೇ ಉಂಟಲ್ಲ."

"ಸರಿ ನೋಡಿ ಮಾರಾಯ್ರೆ. ಎಲೆ ನೋಡಿ."

ಬೊನವೆಂಚರ್ ಕನ್ನಡಕ ಹಾಕಿಕೊಂಡು ನೋಡಿದ. ಕಲ್ಲಿನ ಎಲೆ ಗಿಡ್ಡ, ಅಂಚೆಲ್ಲ ಚೂಪು ಹಲ್ಲು, ಮುಳ್ಳಿನ ಜಾತಿಯದು. ತಾನು ಇಷ್ಟು ವರ್ಷ ಹೊಯ್ದ ಎಲೆ ಉದ್ದ, ಅಗಲ, ಬೆರಳು ಬಿಡಿಸಿದ ಹಾಗೆ ಆಳವಾಗಿ ಸೀಳಿದ್ದು. ಎರಡೂ ಒಂದೇ ಎಂದು ಯಾವ ಕುರುಡನೂ ಹೇಳಲಾರ.

"ಇದಕ್ಕೆ ಅಕಾಂಥಸ್ ಅಂತ ಹೆಸರಂತೆ," ಎಂದ ರೋಹಿದಾಸ. "ನಮ್ಮದು ಯಾವ ಎಲೆ?"

ಬೊನವೆಂಚರ್ ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದ: "ಜೀಗುಜ್ಜೆ."

ಅದು ಹೇಗಾಯಿತೆಂದು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಬೊನವೆಂಚರ್ ಹುಡುಗನಾಗಿದ್ದಾಗ ಅವರೂರಿನ ಇಗರ್ಜಿಯ ಬಲಿಪೀಠಕ್ಕೆ ಬಂಗಾರದ ಬಣ್ಣ ಬಳಿದ ನಾಲ್ಕು ಮರದ ಕಂಬಗಳಿದ್ದವು. ಉದ್ದದ ಪ್ರವಚನಗಳ ಹೊತ್ತಿನಲ್ಲಿ ನೋಡಲು ಬೇರೇನೂ ಇರಲಿಲ್ಲವಾದ್ದರಿಂದ ಅವನು ಆ ಕಂಬದ ತಲೆಗಳನ್ನೇ ನೋಡುತ್ತಿದ್ದ. ಅಲ್ಲಿದ್ದ ಎಲೆ ಜೀಗುಜ್ಜೆಯದು ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ, ಏಕೆಂದರೆ ಇಗರ್ಜಿಯ ಗೇಟಿನ ಬಳಿ ಹಲಸಿನ ಜಾತಿಯ ದೊಡ್ಡ ಜೀಗುಜ್ಜೆ ಮರವಿತ್ತು. ದೇವರ ಮನೆಯ ಅಂಗಳದ ಎಲೆ ದೇವರ ಕಂಬಕ್ಕೆ ಏರುವುದು ನ್ಯಾಯವೇ ಅಲ್ಲವೇ? ಪೀಠ ರಿಪೇರಿ ಮಾಡುತ್ತಿದ್ದ ಬಡಗಿ ಮಾವನನ್ನು ಕೇಳಿದಾಗ ಅವನೂ, "ಹೌದು, ಮತ್ತೆ ಎಂತದ್ದು?" ಎಂದಿದ್ದ. ಉಳಿ ಹಿಡಿಯಲು ಕಲಿತದ್ದು ಆ ಮಾವನಿಂದಲೇ.

ಕುವೈತಿಗೆ ಬಂದ ಮೇಲೆ ಅವನ ಗುರು ಶೌಕಿ ಉಸ್ತಾದ್, ಈಜಿಪ್ಟಿನವನು. ಕಾರ್ಖಾನೆಯ ಮೂಲ ಮಾದರಿಯನ್ನು ತಂದವನೂ ಅವನೇ. ಎಲ್ಲ ಅಚ್ಚುಗಳನ್ನು ಆ ಒಂದೇ ಪ್ಲಾಸ್ಟರ್ ಮಾದರಿಯಿಂದ ತೆಗೆಯುತ್ತಾರೆ. ಅದಕ್ಕೇ ಕೆಲಸಗಾರರು ಅದನ್ನು 'ಉಮ್', ಅಂದರೆ ತಾಯಿ, ಎಂದು ಕರೆಯುತ್ತಾರೆ. ಆದರೆ ಆ ತಾಯಿಯೂ ಅಲೆಕ್ಸಾಂಡ್ರಿಯಾದ ಯಾವುದೋ ಸಿನೆಮಾ ಮಂದಿರದ ಕಂಬದ ನಕಲು; ಅದು ಇನ್ಯಾವುದರದೋ ನಕಲು. ಒಂದೊಂದು ನಕಲಿಗೂ ಅಂಚು ಸ್ವಲ್ಪ ಸವೆಯುತ್ತದೆ. ರೋಮಿನಿಂದ ಅರ್ದಿಯಾಕ್ಕೆ ಬರುವಷ್ಟರಲ್ಲಿ ಎಲೆಯ ಹಲ್ಲೆಲ್ಲ ಹೋಗಿ ಮೊಂಡಾಗಿತ್ತು. ಎರಡು ಸಾವಿರದ ಒಂಬತ್ತರಲ್ಲಿ, ಉಸ್ತಾದ್ ರಜೆಯಲ್ಲಿದ್ದಾಗ, ಫೋರ್ಕ್‌ಲಿಫ್ಟ್ ತಾಗಿ ತಾಯಿಯ ಒಂದು ಬದಿಯೇ ಉದುರಿಹೋಯಿತು. ಹೆದರಿ ಕಂಗಾಲಾದ ಬೊನವೆಂಚರ್ ಯಾರಿಗೂ ಹೇಳದೆ ನಾಲ್ಕು ದಿನ ಕುಳಿತು ಎಲ್ಲ ಎಲೆಗಳನ್ನೂ ಹೊಸದಾಗಿ ಕೆತ್ತಿದ. ಯಾವ ಎಲೆ ಎಂದು ಅವನಿಗೆ ಗೊತ್ತೇ ಇತ್ತಲ್ಲ! ಶೌಕಿ ಉಸ್ತಾದ್ ಹಿಂದಿರುಗಿ ತಾಯಿಯನ್ನು ಒಂದು ಸುತ್ತು ತಿರುಗಿಸಿ ನೋಡಿ, "ತಮಾಮ್", ಎಲ್ಲ ಸರಿ, ಎಂದು ಹೇಳಿ ಚಹಾ ಕುಡಿಯಲು ಹೋದ. ಅವನಿಗೆ ತಿಳಿಯಿತೋ ಇಲ್ಲವೋ, ಇನ್ನು ಕೇಳುವ ಹಾಗಿಲ್ಲ. ಊರಿಗೆ ಹೋಗಿ ಅಲ್ಲೇ ತೀರಿಕೊಂಡು ಆರು ವರ್ಷವಾಯಿತು.

ಅಂದಿನಿಂದ ಹದಿನಾರು ವರ್ಷ, ಜಾಬ್ರಿಯಾದಲ್ಲಿ, ಸಾಲ್ಮಿಯಾದಲ್ಲಿ, ಬು ಸಾಲೆಮ್‌ನ ಸ್ವಂತ ಮನೆಯ ಮುಂದೆ ಕೂಡ, ರೋಮನ್ ಕಂಬಗಳ ಮೇಲೆ ಮೂಡುಬೆಳ್ಳೆಯ ಜೀಗುಜ್ಜೆ ಚಿಗುರಿ ನಿಂತಿದೆ. ಯಾರೂ ಗುರುತಿಸಲಿಲ್ಲ.

ಈಗ ಗುರುತಿಸುವವರು ಬರುತ್ತಿದ್ದರು. ವಫ್ರಾದ ದೊಡ್ಡ ತೋಟವೊಂದರಲ್ಲಿ ಇಪ್ಪತ್ತನಾಲ್ಕು ಕಂಬಗಳ ಮಂಟಪ. ಹದಿನೆಂಟಕ್ಕೆ ಆಗಲೇ ತಲೆ ಕೂರಿಸಿಯಾಗಿತ್ತು, ಮುಂದಿನ ಸಾಲಿನ ಆರು ಬಾಕಿ. ನವೆಂಬರ್ ಮಧ್ಯದಲ್ಲಿ ಕನ್ಸಲ್ಟೆಂಟ್ ಇಂಜಿನಿಯರ್ ಬಂದು ನೋಡಿ ಒಪ್ಪಬೇಕು. ಒಪ್ಪದಿದ್ದರೆ ಏನಾಗುತ್ತದೆಂದು ಬು ಸಾಲೆಮ್ ಆಗಸ್ಟಿನಲ್ಲೇ ಹೇಳಿಬಿಟ್ಟಿದ್ದ. ಅವನ ಮೇಜಿನ ಮೇಲೆ ಟರ್ಕಿಯ ಒಂದು ಯಂತ್ರದ ಪುಸ್ತಕವಿತ್ತು. ಕಂಪ್ಯೂಟರ್ ಹೇಳಿದ್ದನ್ನು ಫೋಮಿನಲ್ಲಿ ಕೊರೆದುಕೊಡುವ ಯಂತ್ರ. "ವಫ್ರಾ ಪಾಸಾದರೆ ಅಚ್ಚಿನ ಕೋಣೆ ಇರ್ತದೆ," ಎಂದಿದ್ದ ಅವನು ತನ್ನ ಅರಬ್ಬಿ ಬೆರೆತ ಹಿಂದಿಯಲ್ಲಿ. "ಇಲ್ಲದಿದ್ದರೆ ಖಲಾಸ್."

ಬೊನವೆಂಚರ್‌ನ ಇಕಾಮಾ, ಎಂದರೆ ದೇಶದಲ್ಲಿರಲು ಕೊಡುವ ಪರವಾನಗಿ, ಜನವರಿಗೆ ಮುಗಿಯುತ್ತಿತ್ತು. ವೈಲೆಟ್‌ಳೂ ಮಗಳು ಮೆಲಿಶಾಳೂ ಈ ದೇಶದಲ್ಲಿರುವುದು ಅವನ ಇಕಾಮಾದ ಬಾಲ ಹಿಡಿದು. ಮೆಲಿಶಾ ಹನ್ನೆರಡನೆಯ ಕ್ಲಾಸು. ಬೋರ್ಡ್ ಪರೀಕ್ಷೆ ಫೆಬ್ರವರಿಯಿಂದ ಮಾರ್ಚಿನವರೆಗೆ. ಅಪ್ಪನ ಇಕಾಮಾ ಜನವರಿಯಲ್ಲಿ ಬಿದ್ದುಹೋದರೆ ಮಗಳು ಪರೀಕ್ಷೆಯ ಹೊಸ್ತಿಲಲ್ಲಿ ಪೆಟ್ಟಿಗೆ ಕಟ್ಟಬೇಕು. ಅವನಿಗೆ ನಲವತ್ತೊಂದಾದಾಗ ಹುಟ್ಟಿದ ಒಬ್ಬಳೇ ಮಗಳು. ಅವನಿಗೆ ಬೇರೆ ಏನೂ ಬೇಕಿರಲಿಲ್ಲ; ಮಾರ್ಚ್ ದಾಟಿದರೆ ಸಾಕಿತ್ತು.

ಮನೆಯಲ್ಲಿ ಸುದ್ದಿ ಹೇಳಿದಾಗ ಮೆಲಿಶಾ ಫೋನಿನಿಂದ ತಲೆ ಎತ್ತದೆಯೇ ಹುಡುಕಿದಳು. ಮನೆಯ ಮಾತು ಕೊಂಕಣಿ. ಅವಳಿಗೆ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷ್.

"ಡ್ಯಾಡಾ, ಇಟ್ಸ್ ಎ ಥಾರ್ನಿ ಪ್ಲಾಂಟ್. ಇಟ್ಸ್ ಕಸಿನ್ ಗ್ರೋಸ್ ಆನ್ ಅವರ್ ಕೋಸ್ಟ್ ಟೂ. ಹೊ-ಳೆ-ಚು-ಳ್ಳಿ. ವಾಟ್ಸ್ ದಟ್?"

"ಅಯ್ಯೋ, ಹೊಳೆ ಬದಿಯ ಆ ಮುಳ್ಳಾ?" ವೈಲೆಟ್‌ಗೆ ನಂಬಲಾಗಲಿಲ್ಲ. ಅವಳ ತವರು ಪಾಂಗಾಳದ ಹೊಳೆಯ ದಂಡೆ. "ಅದರಲ್ಲಿ ಕಾಲು ಗೀರಿಸಿಕೊಂಡು ಎಷ್ಟು ಸಲ ಅತ್ತಿದ್ದೇನೆ. ಅದನ್ನು ಯಾರಾದರೂ ಕಂಬದ ಮೇಲೆ ಇಡ್ತಾರಾ? ರೋಮಿನವರಿಗೆ ಬುದ್ಧಿ ಇಲ್ಲ. ಜೀಗುಜ್ಜೆಯಾದ್ರೆ ಕಾಯಿ ಕರಿದು ಪೋಡಿಯಾದ್ರೂ ಮಾಡ್ಬಹುದು."

"ರೋಮ್ ಈಸ್ ಡೆಡ್, ಮಮ್ಮಾ. ಫೋರ್ ಸೆವೆಂಟಿ ಸಿಕ್ಸ್. ಲಾಸ್ಟ್ ಇಯರ್ ಪೋರ್ಶನ್," ಎಂದು ಮೆಲಿಶಾ ವಿಷಯ ಮುಗಿಸಿದಳು.

ಬೊನವೆಂಚರ್‌ಗೆ ನಗು ಬರಲಿಲ್ಲ. ಸತ್ತ ರೋಮಿಗಾಗಿ ಬದುಕಿರುವ ತಾನು ಯಾಕೆ ಸಾಯಬೇಕು ಎಂದು ಸಿಟ್ಟು ಬಂತು.

ಮರುದಿನ ರೋಹಿದಾಸ ಒಂದು ಉಪಾಯ ಹೇಳಿದ. ಬಾಕಿ ಇರುವ ಆರನ್ನು ಸರಿಯಾದ ಎಲೆಯಲ್ಲೇ ಹೊಸದಾಗಿ ಮಾಡುವುದು. ಅವು ಬಾಗಿಲ ಎದುರಿಗೆ ಬರುವಂಥವು. ಬಂದವರ ಕಣ್ಣು ಮೊದಲು ಬೀಳುವುದು ಅಲ್ಲಿಗೇ. ಹಿಂದಿನ ಹದಿನೆಂಟನ್ನು ನೋಡದೆ ಹೋದರೆ ಬಚಾವ್. ನೋಡಿದರೆ, "ಅದು ಶೌಕಿ ಉಸ್ತಾದರು ಹಾಗೆ ಮಾಡಿಟ್ಟು ಹೋದದ್ದು ಅಂತ ಹೇಳುವ. ಸತ್ತವರಿಗೆ ಎಂತ ಇಕಾಮಾ?"

ಉಪಾಯ ಒಳ್ಳೆಯದೇ. ಆದರೆ ಬರುವ ತಿಂಗಳು ನವೆಂಬರ್. ನವೆಂಬರ್ ಎಂದರೆ ಕ್ರೈಸ್ತರಿಗೆ ಸತ್ತವರ ತಿಂಗಳು. ತೀರಿಕೊಂಡವರ ಹೆಸರು ಬರೆದುಕೊಟ್ಟು ಪ್ರಾರ್ಥಿಸುವ ತಿಂಗಳು. ಬೊನವೆಂಚರ್ ಪ್ರತಿವರ್ಷ ತನ್ನ ಅಪ್ಪ, ಅಮ್ಮ, ಬಡಗಿ ಮಾವನ ಹೆಸರಿನ ಕೆಳಗೆ, ಪಾದ್ರಿಗಳು ಏನೆನ್ನುವರೋ ಎಂದು ಅಳುಕುತ್ತಲೇ, ಮುಸಲ್ಮಾನನಾದ ಶೌಕಿಯ ಹೆಸರನ್ನೂ ಬರೆಯುತ್ತಿದ್ದ. ಈ ಸಲವೂ ರಜೆಯ ಶುಕ್ರವಾರ ಇಗರ್ಜಿಗೆ ಹೋಗಿ ಬರೆದುಕೊಟ್ಟ. ಯಾರಿಗಾಗಿ ಪ್ರಾರ್ಥಿಸುತ್ತೇನೋ ಅವನ ತಲೆಗೇ ತಪ್ಪು ಕಟ್ಟಬೇಕು. ಇನ್ನೂ ಹೇಳದ ಸುಳ್ಳಿಗೆ ಮೊದಲೇ ಪಾಪನಿವೇದನೆ ಮಾಡಬಹುದೇ ಎಂದು ಅವನು ಸಾಲಿನಲ್ಲಿ ನಿಂತು ಯೋಚಿಸಿದ. ತನ್ನ ಸರದಿ ಬರುವ ಮೊದಲೇ ಸಾಲು ಬಿಟ್ಟು ಬಂದ.

ಮೂರು ವಾರ ಅವನು ಪ್ರಿಂಟು ತೆಗೆದ ಚಿತ್ರವನ್ನು ಎದುರಿಗಿಟ್ಟು ಹೊಸ ತಾಯಿಯನ್ನು ಕೆತ್ತಿದ. ಸ್ಕೇಲಿನಲ್ಲಿ ಅಳೆದು, ಹಲ್ಲು ಎಣಿಸಿ, ಒಂದು ಕೂದಲೆಳೆ ಆಚೀಚೆ ಆಗದ ಹಾಗೆ. ಕೆಲಸ ಅಚ್ಚುಕಟ್ಟಾಗಿತ್ತು, ರೋಹಿದಾಸನ ಪರದೆಯ ಚಿತ್ರಕ್ಕೂ ಅದಕ್ಕೂ ವ್ಯತ್ಯಾಸ ಹುಡುಕಲು ಸಾಧ್ಯವಿರಲಿಲ್ಲ. ಆದರೂ ಕೆತ್ತುವಾಗ ಅವನ ಕೈಗೆ ಸುಖವಿರಲಿಲ್ಲ. ಹದಿನಾರು ವರ್ಷದ ಹಿಂದೆ ಆ ನಾಲ್ಕು ದಿನ, ಅಷ್ಟು ಹೆದರಿಕೆಯ ನಡುವೆಯೂ, ಕೈ ತಾನಾಗಿ ಓಡಿತ್ತು. ಈಗ ಪ್ರತಿಯೊಂದು ಹಲ್ಲಿಗೂ ಕಾಗದವನ್ನು ಕೇಳಬೇಕಾಗುತ್ತಿತ್ತು. ಆರು ತಲೆಗಳು ತಯಾರಾಗಿ ಲಾರಿ ಹತ್ತಿ ವಫ್ರಾಕ್ಕೆ ಹೋದವು.

ಇಂಜಿನಿಯರ್ ಬರುವ ದಿನ ಬೆಳಿಗ್ಗೆ ವೈಲೆಟ್ ಅವನ ಅಂಗಿಯ ಕಿಸೆಗೆ ಒಂದು ಜಪಸರ ಹಾಕಿದಳು. ಅವನು ಗ್ಯಾಸಿನ ತಿರುಗಣೆಯನ್ನು ಐದು ಸಲ ಮುಟ್ಟಿದ.

ಬು ಸಾಲೆಮ್‌ನ ಕಾರಿನಲ್ಲಿ ಹಿಂದಿನ ಸೀಟಿನಲ್ಲಿ ಅವನೂ ರೋಹಿದಾಸನೂ. ದಕ್ಷಿಣಕ್ಕೆ ಒಂದು ಗಂಟೆಗೂ ಮಿಕ್ಕಿದ ದಾರಿ. ಆಮೇಲೆ ಹಸಿರು ಬಲೆಯ ಮನೆಗಳು, ಟೊಮೆಟೊ, ಸೌತೆಯ ಸಾಲು. ಮಂಟಪದ ಎದುರು ಇಂಜಿನಿಯರ್ ಮೊದಲೇ ಬಂದು ನಿಂತಿದ್ದಳು. ರೀಮ್ ಎಂದು ಹೆಸರು, ನಲವತ್ತರ ಹೆಂಗಸು, ತಲೆಗೆ ಹಳದಿ ಹೆಲ್ಮೆಟ್. ಜೋರ್ಡಾನಿನವಳು ಎಂದು ಗೊತ್ತಿತ್ತು. ಸಾಕ್ಷಾತ್ ಜೆರಾಶಿನಲ್ಲೇ ಹುಟ್ಟಿ ಬೆಳೆದವಳು ಎಂದು ಅವಳೇ ಹೇಳಿದಾಗ ಬೊನವೆಂಚರ್ ರೋಹಿದಾಸನ ಬೆನ್ನ ಹಿಂದಕ್ಕೆ ಸರಿದ. ಆ ಕಂಬಗಳ ನಡುವೆ ಆಡಿ ಬೆಳೆದವಳ ಕಣ್ಣಿಗೆ ಮಣ್ಣೆರಚಲು ಹೊರಟಿದ್ದರು ಇವರು!

ಅವಳು ಮುಂದಿನ ಆರನ್ನು ನೋಡಿದಳು. ಚಿತ್ರ ಹಿಡಿದು ಹೋಲಿಸಿದಳು. "ಸರಿಯಾಗಿದೆ," ಎಂದಳು ಇಂಗ್ಲಿಷಿನಲ್ಲಿ. ಬು ಸಾಲೆಮ್ ಮುಖ ಅರಳಿಸಿ, "ಯಲ್ಲಾ, ಊಟಕ್ಕೆ ಹೋಗುವ" ಎಂದ. ರೋಹಿದಾಸ ಮೊಣಕೈಯಿಂದ ಬೊನವೆಂಚರ್‌ನನ್ನು ಮೆಲ್ಲನೆ ತಿವಿದ. ಅಷ್ಟು ಹೊತ್ತಿಗೆ ರೀಮ್ ಒಳಗಿನ ಸಾಲಿಗೆ ಕಾಲಿಟ್ಟಾಗಿತ್ತು.

ಅವಳು ಒಂದು ಕಂಬದ ಕೆಳಗೆ ನಿಂತು ತಲೆ ಎತ್ತಿದಳು. ಆಮೇಲೆ ಏಣಿ ತರಿಸಿ ಹತ್ತಿದಳು. ಕೈಗವಸು ತೆಗೆದು ಎಲೆಯ ಮೇಲೆ ಬೆರಳಾಡಿಸಿದಳು, ನಡುವಿನ ನರದ ಉದ್ದಕ್ಕೂ. ಹೊತ್ತು ಹೋಗುತ್ತಲೇ ಇತ್ತು. ಬೊನವೆಂಚರ್ ಕಿಸೆಯೊಳಗೆ ಜಪಸರದ ಮಣಿಗಳನ್ನು ಹಿಂದುಮುಂದಾಗಿ ಎಣಿಸುತ್ತಿದ್ದ.

"ಇದು ಅಕಾಂಥಸ್ ಅಲ್ಲ," ಎಂದಳು ಮೇಲಿನಿಂದಲೇ. "ಇದನ್ನು ಮಾಡಿದ್ದು ಯಾರು?"

ಬು ಸಾಲೆಮ್ ರೋಹಿದಾಸನನ್ನು ನೋಡಿದ. ರೋಹಿದಾಸ ಸಿದ್ಧನಾಗಿಯೇ ಇದ್ದ. "ಮೇಡಮ್, ಅದು ನಮ್ಮ ಹಳೇ ಉಸ್ತಾದರ ಮಾದರಿ. ಶೌಕಿ ಅಂತ. ಈಗ ಅವರಿಲ್ಲ."

"ಒಳ್ಳೆಯ ಕೈ," ಎಂದಳು ರೀಮ್. ಏಣಿಯ ಮೇಲೆಯೇ ಅವರ ಕಡೆ ತಿರುಗಿದಳು. "ಮುಂದಿನ ಆರನ್ನು ಮಾಡಿದವನು ಚಿತ್ರ ನೋಡಿ ಮಾಡಿದ್ದಾನೆ. ತಪ್ಪಿಲ್ಲ, ಆದರೆ ಜೀವವೂ ಇಲ್ಲ. ಇದನ್ನು ಮಾಡಿದವನು ಎಲೆಯನ್ನು ನೋಡಿದ್ದಾನೆ. ಗಾಳಿಗೆ ಅದು ಹೇಗೆ ಮಗುಚುತ್ತದೆ ಎಂದು ಅವನಿಗೆ ಗೊತ್ತಿತ್ತು. ನಿಮ್ಮ ಶೌಕಿ ದೊಡ್ಡ ಕೆಲಸಗಾರ."

ಇಲ್ಲಿ ಬೊನವೆಂಚರ್ ಸುಮ್ಮನಿದ್ದಿದ್ದರೆ ಕಥೆ ಬೇರೆಯಾಗುತ್ತಿತ್ತು. ಬೈದಿದ್ದರೆ ಅವನು ಖಂಡಿತ ಬಾಯಿ ಮುಚ್ಚಿಕೊಂಡೇ ಇರುತ್ತಿದ್ದ. ಬೈಗುಳ ಶೌಕಿಗೆ ಹೋಗಲಿ ಎಂದು ಮೂರು ವಾರದಿಂದ ಮನಸ್ಸು ಗಟ್ಟಿ ಮಾಡಿಕೊಂಡಿದ್ದ. ಆದರೆ ಹೊಗಳಿಕೆ ಶೌಕಿಗೆ ಹೋಗುತ್ತದೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಐವತ್ತೆಂಟು ವರ್ಷದ ಬದುಕಿನಲ್ಲಿ ಅವನ ಕೈಯನ್ನು ಯಾರೂ ಹೀಗೆ ಹೊಗಳಿರಲಿಲ್ಲ. ಹೆದರಿಕೆ ಒಂದು ಕ್ಷಣ ಎಲ್ಲಿಗೋ ಹೋಗಿಬಿಟ್ಟಿತು. ಮಾರ್ಚೂ ಇಕಾಮಾವೂ ಮಗಳ ಪರೀಕ್ಷೆಯೂ ಅದರ ಜೊತೆಗೇ ಹೋದವು.

"ಆನಾ," ಎಂದ ಅವನು ಅರಬ್ಬಿಯಲ್ಲಿ, ಎದೆ ಮುಟ್ಟಿಕೊಂಡು. "ನಾನು. ನಾನು ಮಾಡಿದ್ದು. ಎರಡೂ ನಾನೇ."

ರೋಹಿದಾಸ ಕಣ್ಣು ಮುಚ್ಚಿಕೊಂಡ. ಬು ಸಾಲೆಮ್ ಬಹಳ ನಿಧಾನವಾಗಿ ತಿರುಗಿದ.

ಉಳಿದದ್ದನ್ನೆಲ್ಲ ಬೊನವೆಂಚರ್ ಅಲ್ಲೇ ನಿಂತು ಹೇಳಬೇಕಾಯಿತು. ಫೋರ್ಕ್‌ಲಿಫ್ಟು, ನಾಲ್ಕು ದಿನ, ಇಗರ್ಜಿ, ಗೇಟಿನ ಮರ. ಹೇಳುತ್ತ ಹೇಳುತ್ತ ಹೆದರಿಕೆ ಬಡ್ಡಿ ಸಮೇತ ಹಿಂದಿರುಗಿತು, ಮಾತು ತೊದಲಿತು. ರೀಮ್ ಏಣಿ ಇಳಿದು ಬಂದು ಪೂರ್ತಿ ಕೇಳಿದಳು. ಅವಳು ನಗಲಿಲ್ಲ. "ನಮ್ಮ ಜೆರಾಶಿನಲ್ಲೂ ಎಲ್ಲ ಎಲೆ ಒಂದೇ ತರಹ ಇಲ್ಲ," ಎಂದಳು. "ರೋಮಿನಿಂದ ಬಂದದ್ದು ಆಜ್ಞೆ. ಕೆತ್ತಿದವರು ನಮ್ಮೂರಿನವರು, ಅವರವರ ಕೈ. ಕೊನೆಗೆ ಭೂಕಂಪವಾಯಿತು, ಆಳುವವರು ಹೋದರು, ಕಂಬ ಬಿತ್ತು. ನನ್ನ ಅಜ್ಜಿಯ ಮನೆಯ ಮೆಟ್ಟಿಲು ಇಂಥದ್ದೇ ಒಂದು ತಲೆ, ಬೋರಲಾಗಿ ಹಾಕಿದ್ದು. ಅದರ ಮೇಲೆ ಕುಳಿತೇ ನಾವು ಕಲ್ಲಂಗಡಿ ತಿನ್ನುತ್ತಿದ್ದೆವು."

ಬೊನವೆಂಚರ್‌ಗೆ ಬದುಕಿದೆ ಎನಿಸಿತು. ಅಷ್ಟರಲ್ಲಿ ಅವಳು ಫೈಲು ತೆರೆದಳು.

"ಆದರೆ ಯಜಮಾನರ ಕರಾರಿನಲ್ಲಿರುವುದು ಅಕಾಂಥಸ್. ಈ ಹದಿನೆಂಟನ್ನೂ ಇಳಿಸಬೇಕು. ಮುಂದಿನ ಆರರ ಹಾಗೆ ಹೊಸದು ಬೇಕು, ಫೆಬ್ರವರಿ ಮುಗಿಯುವುದರೊಳಗೆ."

ಹಿಂದಿರುಗುವ ದಾರಿಯಲ್ಲಿ ಬು ಸಾಲೆಮ್ ಅರ್ಧ ಗಂಟೆ ಕಾರನ್ನು ಸಿಕ್ಕಾಪಟ್ಟೆ ಓಡಿಸಿದ. ಆಮೇಲೆ ಸ್ಟಿಯರಿಂಗ್ ಬಡಿಯುತ್ತ ಶುರುಮಾಡಿದ. "ಹದಿನಾರು ವರ್ಷ! ಇಡೀ ಕುವೈತಿಗೆ ನಾನು ಅಸಲಿ ರೋಮನ್ ಅಂತ ಮಾರಿದೆ! ನನ್ನ ಮನೆ ಎದುರು? ನನ್ನ ಮಗಳ ಮದುವೆಯ ಫೋಟೋ ಎಲ್ಲ ಅದರ ಎದುರು!" ಕೊನೆಗೆ ಕನ್ನಡಿಯಲ್ಲಿ ಬೊನವೆಂಚರ್‌ನನ್ನು ದಿಟ್ಟಿಸಿ ಕೇಳಿದ: "ಆ ಮರದ ಕಾಯಿ ತಿನ್ನಲಿಕ್ಕೆ ಆಗ್ತದಾ?"

"ಆಗ್ತದೆ ಬಾಬಾ. ಪೋಡಿ ಮಾಡ್ತೇವೆ. ಮೆಣಸಿನ ಪುಡಿ ಹಾಕಿ ಕರಿಯುವುದು."

"ಸುಮ್ಮನೆ ಕೂತ್ಕೋ," ಎಂದ ಬು ಸಾಲೆಮ್. ಇಕಾಮಾದ ಸುದ್ದಿ ಎತ್ತಲಿಲ್ಲ. ಕೇಳುವ ಧೈರ್ಯ ಇವನಿಗಿರಲಿಲ್ಲ.

ಒಂಬತ್ತು ದಿನ ಅವನು ಗಾಳಿಯಲ್ಲಿ ತೂಗಾಡಿದ. ವೈಲೆಟ್ ಒಂದು ಮಾತೂ ಬೈಯಲಿಲ್ಲ. ಅದು ಅವನನ್ನು ಇನ್ನಷ್ಟು ಕಂಗೆಡಿಸಿತು. ಅವಳು ಸದ್ದಿಲ್ಲದೆ ಅಲಮಾರಿನ ಮೇಲಿಂದ ಎರಡು ಸೂಟ್‌ಕೇಸ್ ಇಳಿಸಿ ಧೂಳು ಒರೆಸಿ ಬಿಸಿಲಿಗಿಟ್ಟಳು. ಮೆಲಿಶಾ ಅವುಗಳನ್ನು ದಾಟಿಕೊಂಡೇ ಹೋಗಿ ಬಂದು ಓದುತ್ತಿದ್ದಳು. ಒಂದು ಸಂಜೆ ಮಾತ್ರ, ಎಂದೂ ಇಲ್ಲದ ಹಾಗೆ, ಕೊಂಕಣಿಯಲ್ಲಿ ಕೇಳಿದಳು: "ಡ್ಯಾಡಾ, ಸುಮ್ಮನೆ ಇರ್ಲಿಕ್ಕೆ ಆಗ್ಲಿಲ್ವಾ ನಿಂಗೆ?" ಬೊನವೆಂಚರ್‌ನ ಕಣ್ಣಲ್ಲಿ ನೀರು ಬಂತು. ಆಗಲಿಲ್ಲ, ಎಂದ.

ಹತ್ತನೆಯ ದಿನ ರೋಹಿದಾಸ ಅಚ್ಚಿನ ಕೋಣೆಗೆ ಓಡಿ ಬಂದ. ಟರ್ಕಿಯ ಯಂತ್ರ ಬರಲು ಮೇ ಆಗುತ್ತದಂತೆ. ಫೆಬ್ರವರಿಯೊಳಗೆ ಹದಿನೆಂಟು ತಲೆ ಬೇಕು. ಮಾಡುವವನು ಇಡೀ ಅರ್ದಿಯಾದಲ್ಲಿ ಒಬ್ಬನೇ. ಬು ಸಾಲೆಮ್ ಬೈಯುತ್ತಲೇ ಕಾಗದಕ್ಕೆ ಸಹಿ ಹಾಕಿದ್ದ. ಒಂದು ವರ್ಷದ ಇಕಾಮಾ. "ನಿಮ್ಮ ತಪ್ಪೇ ನಿಮ್ಮನ್ನು ಉಳಿಸಿತು ಮಾರಾಯ್ರೆ," ಎಂದ ರೋಹಿದಾಸ. ಬೊನವೆಂಚರ್ ಸಿಮೆಂಟಿನ ಚೀಲದ ಮೇಲೆ ಕುಳಿತುಬಿಟ್ಟ. ಕಿಸೆ ತಟ್ಟಿ ಹಳೆಯ ಗುರುತಿನ ಕಾರ್ಡು ಇದೆಯೆಂದು ನೋಡಿಕೊಂಡ.

ಡಿಸೆಂಬರಿನಲ್ಲಿ ಹಳೆಯ ಹದಿನೆಂಟನ್ನು ಇಳಿಸಿದರು. ಒಡೆದು ತೋಟದ ರಸ್ತೆಯ ಗುಂಡಿಗೆ ತುಂಬಬೇಕೆಂದು ಅಪ್ಪಣೆ. ಮೊದಲನೆಯದನ್ನು ತಾನೇ ಒಡೆಯುತ್ತೇನೆಂದು ಬೊನವೆಂಚರ್ ಸುತ್ತಿಗೆ ಹಿಡಿದ. ಮೂರನೆಯ ಏಟಿಗೆ ಎಲೆಯೊಂದು ಇಡಿಯಾಗಿ ಕಳಚಿ ಕಾಲಬುಡದಲ್ಲಿ ಬಿತ್ತು. ಎರಡನೆಯ ತಲೆಗೆ ಅವನ ಕೈ ಏಳಲಿಲ್ಲ. ಮುಖಕ್ಕೆ ಧೂಳಿನ ಬಟ್ಟೆ ಕಟ್ಟಿಕೊಂಡಿದ್ದ ತೋಟದ ಆಳೊಬ್ಬನು ಬಂದು ಅವನ ಕೈಯಿಂದ ಸುತ್ತಿಗೆ ತೆಗೆದುಕೊಂಡ. ಬೊನವೆಂಚರ್ ಬೆನ್ನು ಹಾಕಿ ಲಾರಿಯ ಕಡೆ ನಡೆದ. ಸುತ್ತಿಗೆಯ ಸದ್ದು ಬಹಳ ಹೊತ್ತು ಕೇಳುತ್ತಿತ್ತು, ತನ್ನ ಬೆರಳುಗಳ ಮೇಲೆಯೇ ಬೀಳುತ್ತಿದ್ದ ಹಾಗೆ.

ಹೊಸ ಹದಿನೆಂಟರ ಕೊನೆಯ ಆರು ತಲೆಗಳನ್ನು ಮುಟ್ಟಿಸಲು ಅವನು ವಫ್ರಾಕ್ಕೆ ಹೋದದ್ದು ಫೆಬ್ರವರಿಯಲ್ಲಿ, ಮೆಲಿಶಾಳ ಮೊದಲ ಪರೀಕ್ಷೆಯ ದಿನ. ಅವಳು ಪರೀಕ್ಷೆಯ ಕೋಣೆಯೊಳಗೆ ಹೋಗುವ ಹೊತ್ತಿಗೆ ಅವನು ಲಾರಿಯಲ್ಲಿ ಜಪಸರ ಹಿಡಿದಿದ್ದ. ಕೆಲಸ ಮುಗಿದಾಗ ಹನ್ನೆರಡು ಗಂಟೆ. ಬಾಯಾರಿಕೆಯಾಗಿ ಪಂಪ್‌ಶೆಡ್ಡಿನ ಕಡೆ ಹೋದವನು ಹಾಗೇ ನಿಂತ.

ಶೆಡ್ಡಿನ ನೆರಳಿನಲ್ಲಿ, ಒಂದು ಕಂಬದ ತಲೆ ಇಡಿಯಾಗಿ, ಒಂದು ಎಲೆಯೂ ಮುಕ್ಕಾಗದೆ ಕುಳಿತಿತ್ತು. ಅದರ ಮೇಲೆ ನೀರಿನ ಮಣ್ಣಿನ ಹೂಜಿ. ಪಕ್ಕದಲ್ಲಿ ಐವತ್ತು ದಾಟಿದ ಒಬ್ಬನು ಬೀಡಿ ಸೇದುತ್ತಿದ್ದ. ತೋಟದ ಪಂಪ್ ನೋಡಿಕೊಳ್ಳುವ ಸ್ಯಾಮುವೆಲ್, ಮುಲ್ಕಿಯವನು. ಅಂದು ಕೈಯಿಂದ ಸುತ್ತಿಗೆ ತೆಗೆದುಕೊಂಡವನು ಅವನೇ ಎಂದು ಮಾತಾಡಿದ ಮೇಲೆ ಗೊತ್ತಾಯಿತು.

"ಇದೊಂದನ್ನು ಯಾಕೆ ಒಡೆಯಲಿಲ್ಲ?" ಬೊನವೆಂಚರ್ ಕೇಳಿದ.

"ಎಂತ ಮಾಡುದು, ಮನಸ್ಸು ಬರ್ಲಿಲ್ಲ," ಎಂದ ಸ್ಯಾಮುವೆಲ್. "ಜೀಗುಜ್ಜೆ ಎಲೆ ಅಲ್ವಾ? ಇಪ್ಪತ್ತು ವರ್ಷ ಆಯ್ತು ಆ ಮರ ನೋಡದೆ. ಹದಿನಾರು ಒಡೆದೆ. ಒಂದನ್ನು ಗೋಣಿ ಮುಚ್ಚಿ ಇಲ್ಲಿಗೆ ಉರುಳಿಸಿ ತಂದೆ. ನೀರಿಡ್ಲಿಕ್ಕೆ ಒಳ್ಳೆದಾಯ್ತು."

ಹದಿನಾರು ವರ್ಷದಲ್ಲಿ ಮೊದಲ ಸಲ ಒಬ್ಬನು ಆ ಎಲೆಯ ಹೆಸರು ಹಿಡಿದು ಹೇಳಿದ್ದ. ಬೊನವೆಂಚರ್ ಅದರ ಪಕ್ಕದಲ್ಲಿ ಮಣ್ಣಿನ ಮೇಲೆ ಕುಳಿತ. ನಾನೇ ಮಾಡಿದ್ದು ಎಂದು ಹೇಳಲು ಈ ಸಲ ಬಾಯಿ ಬರಲಿಲ್ಲ. ಸ್ಯಾಮುವೆಲ್ ಹೂಜಿ ಎತ್ತಿ ಅವನಿಗೆ ನೀರು ಕೊಟ್ಟು, ಬರಿದಾದ ಕಂಬದ ತಲೆಯ ಕಡೆ ಬೀಡಿಯ ಕೈ ತೋರಿಸಿದ.

"ಮಾಡಿದವ ಯಾರೋ ನಮ್ಮ ಕಡೆಯವನೇ ಇರ್ಬೇಕು. ಆದ್ರೆ ಒಂದು ತಪ್ಪು ಮಾಡಿದ್ದಾನೆ ನೋಡಿ. ಜೀಗುಜ್ಜೆ ಎಲೆ ತುದಿ ಹೀಗೆ ಹೊರಗೆ ಮಡಚುದಿಲ್ಲ."

ಬೊನವೆಂಚರ್ ಎಲೆಯ ಬಾಗಿದ ತುದಿಯ ಮೇಲೆ ಕೈಯಿಟ್ಟ. ನೆರಳಿನಲ್ಲಿದ್ದುದರಿಂದ ಅದು ತಣ್ಣಗಿತ್ತು.

"ಅಷ್ಟು ಮಾತ್ರ ರೋಮಿನವರದ್ದು," ಎಂದ ಅವನು, ಇನ್ನೊಂದು ಲೋಟ ನೀರು ಕೇಳಿದ.